ಕಡಲಿನಿಂದ ಘಾಟಿಯವರೆಗೆ: ಗುಡ್ಡ, ಬಂಡೆ, ಪ್ರಪಾತಗಳನ್ನು ಇಂಗ್ಲಿಷಿನಲ್ಲಿ ಹೇಳುವ ದಾರಿ

ಕೆಲವು ವರ್ಷಗಳ ಹಿಂದಿನ ಮಾತು. ಹೊರದೇಶದಿಂದ ಬಂದಿದ್ದ ಅತಿಥಿಯೊಬ್ಬರ ಜೊತೆ ಕಾರಿನಲ್ಲಿ ಆಗುಂಬೆ ಘಾಟಿ ಹತ್ತುತ್ತಿದ್ದೆ. ಅವರು ಕಿಟಕಿಯಾಚೆ ಕೈ ತೋರಿಸಿ ಅದೇನು ಅಂತ ಕೇಳಿದರು. ‘ಹಿಲ್’ ಅಂದೆ. ಮುಂದಿನ ತಿರುವಿನಲ್ಲಿ ಗೋಡೆಯಂಥ ಬಂಡೆ ಕಂಡಿತು. ಅದೂ ‘ಹಿಲ್’ ಆಯಿತು. ಆಮೇಲೆ ಕೆಳಗೆ ಮಂಜು ತುಂಬಿದ ಆಳ ಕಂಡಿತು. ಏನು ಹೇಳಬೇಕೆಂದು ತೋಚದೆ ‘ಡೀಪ್ ಹಿಲ್’ ಅಂದುಬಿಟ್ಟೆ. ಪುಣ್ಯಾತ್ಮರು, ನಗಲಿಲ್ಲ. ನನಗೆ ಮಾತ್ರ ಘಾಟಿ ಮುಗಿಯುವ ತನಕ ಮುಜುಗರ. ಇಂಗ್ಲಿಷಿನಲ್ಲಿ ಒಳ್ಳೆಯ ಮಾರ್ಕು ತೆಗೆದವನು ನಾನು. ಹುಟ್ಟಿದಾಗಿನಿಂದ ಕಾಣುತ್ತಿದ್ದ ಬೆಟ್ಟಕ್ಕೆ ಒಂದು ಮಾತು ಬರಲಿಲ್ಲ.

ಈಗ ಸಂಜೆ ಹೊತ್ತು ಉಡುಪಿಯಲ್ಲಿ ಕೆಲವರಿಗೆ ಮಾತಾಡುವ ಇಂಗ್ಲಿಷ್ ಹೇಳಿಕೊಡುತ್ತೇನೆ. ಟ್ಯಾಕ್ಸಿ ಓಡಿಸುವವರು, ಹೋಮ್‌ಸ್ಟೇ ನಡೆಸುವವರು, ಪಿಯುಸಿ ಮಕ್ಕಳು ಬರುತ್ತಾರೆ. ಗುಡ್ಡಬೆಟ್ಟದ ಪಾಠ ಬಂದಾಗ ಒಬ್ಬರಾದರೂ ಕೇಳುತ್ತಾರೆ: “ಸರ್, ಎಲ್ಲದಕ್ಕೂ ಹಿಲ್ ಅಂತ ಹೇಳಿದ್ರೆ ಸಾಕಲ್ವಾ? ಎಂತಕ್ಕೆ ಇಷ್ಟೆಲ್ಲ?” ಸಾಕು, ಒಂದು ಮಟ್ಟಿಗೆ. ಆದರೆ ನಾವು ಕನ್ನಡದಲ್ಲಿ ಗುಡ್ಡೆಗೂ ಬರೆಗೂ (ರಸ್ತೆಬದಿಯ ಕಡಿದಾದ ಮಣ್ಣಿನ ದಿಬ್ಬ) ಒಂದೇ ಮಾತು ಆಡುತ್ತೇವಾ? ಪಾದೆಗೂ (ಬಂಡೆ) ಪದವಿಗೂ (ಪದವು, ಅಂದರೆ ಚಪ್ಪಟೆ ತಲೆಯ ಎತ್ತರದ ನೆಲ)? ಇಲ್ಲವಲ್ಲ.

ಪದಗಳ ಪಟ್ಟಿ ಬರೆಸಿ ಬಾಯಿಪಾಠ ಮಾಡಿಸಿ ನೋಡಿದ್ದೇನೆ. ಮರುದಿನಕ್ಕೆ ಮಾಯ. ಗೊತ್ತಿರುವ ಜಾಗಕ್ಕೆ ಪದವನ್ನು ಅಂಟಿಸಿದರೆ ಮಾತ್ರ ಅದು ನಿಲ್ಲುತ್ತದೆ. ಅದಕ್ಕೆ ಈ ಪಾಠವನ್ನು ಒಂದು ದಾರಿಯ ಹಾಗೆ ಮಾಡಿಕೊಂಡಿದ್ದೇನೆ. ಕಡಲ ಬದಿಯಲ್ಲಿ ಶುರು, ಘಾಟಿಯ ನೆತ್ತಿಯಲ್ಲಿ ಕೊನೆ.

ಹೆಜ್ಜೆ 1: ಪದಕ್ಕಿಂತ ಮೊದಲು ಮೂರು ಪ್ರಶ್ನೆ

ಕಣ್ಣೆದುರು ಇರುವುದಕ್ಕೆ ಇಂಗ್ಲಿಷ್ ಪದ ಹುಡುಕುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ನಾನು ಎಲ್ಲಿ ನಿಂತಿದ್ದೇನೆ, ಮೇಲೋ ಕೆಳಗೋ? ಎದುರಿನದು ಎಷ್ಟು ಕಡಿದು? ಅದು ಕಲ್ಲೋ ಮಣ್ಣೋ? ಈ ವಿಷಯದಲ್ಲಿ ಇಂಗ್ಲಿಷಿನ ಹೆಚ್ಚಿನ ಪದಗಳು ಈ ಮೂರರ ಮೇಲೆ ನಿಂತಿವೆ.

ಒಂದು ಉದಾಹರಣೆ ನೋಡಿ. ಕಡಿದಾದ ಬಂಡೆಗೋಡೆಯನ್ನು ಕೆಳಗಿನಿಂದಲೋ ದೂರದಿಂದಲೋ ನೋಡಿ ಸುಮ್ನೆ ವರ್ಣಿಸುವುದಾದರೆ ‘ಕ್ಲಿಫ್’. ಅದೇ ಗೋಡೆಯ ತುದಿಯಲ್ಲಿ ನಿಂತು ಕೆಳಗೆ ಬಗ್ಗಿ, ಎದೆ ಝಲ್ಲೆಂದರೆ ‘ಪ್ರೆಸಿಪಿಸ್’. ಲ್ಯಾಟಿನ್ನಿನಲ್ಲಿ ಈ ಪದದ ಬೇರು ತಲೆ ಮುಂದಾಗಿ ಬೀಳುವುದಕ್ಕೆ ಸಂಬಂಧಿಸಿದ್ದು. ಕಲ್ಲು ಒಂದೇ, ಭಯ ಬೇರೆ. ನಾವು ‘ಪ್ರಪಾತ’ ಅನ್ನುವಾಗಲೂ ಮೇಲೇ ನಿಂತಿರುತ್ತೇವೆ. ಕೆಳಗೆ ನಿಂತು ಮೇಲೆ ನೋಡಿ ಯಾರೂ ಪ್ರಪಾತ ಅನ್ನುವುದಿಲ್ಲ.

ಹೆಜ್ಜೆ 2: ಕಡಲ ಬದಿ

ಉಳ್ಳಾಲದ ಹತ್ತಿರದ ಸೋಮೇಶ್ವರಕ್ಕೆ ಹೋಗಿ. ದೇವಸ್ಥಾನದ ಬುಡದಲ್ಲಿ ಅಲೆ ಬಡಿಯುವ ಬಂಡೆಗಳಿವೆ. ಊರವರು ರುದ್ರಪಾದೆ ಅನ್ನುತ್ತಾರೆ. ಹೀಗೆ ನೆಲದಿಂದ ಹೊರಗೆ ತಲೆ ಹಾಕಿದ ಕಲ್ಲಿನ ಭಾಗಕ್ಕೆ ‘ಔಟ್‌ಕ್ರಾಪ್’ ಅಥವಾ ‘ರಾಕಿ ಔಟ್‌ಕ್ರಾಪ್’. ನಮ್ಮ ‘ಪಾದೆ’ಗೆ ಇದು ಹೆಚ್ಚುಕಡಿಮೆ ಸರಿಹೊಂದುತ್ತದೆ. ಕಾಪುವಿನ ದೀಪಸ್ತಂಭ 1901ರಿಂದ ನಿಂತಿರುವುದೂ ಇಂಥದ್ದೇ ಒಂದು ಕಲ್ಲಿನ ಮೇಲೆ. ಬಿಡಿಬಿಡಿಯಾಗಿ ಬಿದ್ದ ದೊಡ್ಡ ಉರುಟು ಬಂಡೆ ‘ಬೌಲ್ಡರ್’. ಕೈಯಲ್ಲಿ ಹಿಡಿಯುವಷ್ಟು ಸಣ್ಣ ನುಣುಪು ಕಲ್ಲು ‘ಪೆಬಲ್’. ಬೌಲ್ಡರನ್ನು ‘ಬಿಗ್ ಸ್ಟೋನ್’ ಅಂದರೂ ಅರ್ಥ ಆಗುತ್ತದೆ, ಆದರೆ ಒಲೆಗೆ ಇಡುವ ಕಲ್ಲಿನ ಹಾಗೆ ಕೇಳಿಸುತ್ತದೆ.

ಇನ್ನು ಬೈಂದೂರಿನ ಒತ್ತಿನೆಣೆ. ಗುಡ್ಡ ನೇರ ಕಡಲಿಗೆ ಮುಖ ಮಾಡಿ ನಿಂತಿದೆ. ಕಡಲೊಳಗೆ ಚಾಚಿದ ಎತ್ತರದ ನೆಲಕ್ಕೆ ‘ಹೆಡ್‌ಲ್ಯಾಂಡ್’. ನೀರಿನ ಕಡೆಗೆ ಅಗಲ ಎದೆ ಕೊಟ್ಟು ನಿಂತ, ಕಡಿದಾದ ದಿಬ್ಬಕ್ಕೆ ‘ಬ್ಲಫ್’. ಇಸ್ಪೀಟಿನಲ್ಲಿ ಹಾಕುವ ಬ್ಲಫ್ ಬೇರೆ. ಕ್ಲಿಫ್‌ಗೂ ಬ್ಲಫ್‌ಗೂ ಎಂತ ವ್ಯತ್ಯಾಸ? ಕ್ಲಿಫ್ ಅಂದರೆ ಸಾಮಾನ್ಯವಾಗಿ ಬೋಳು ಕಲ್ಲು, ಗೋಡೆಯ ಹಾಗೆ ನೇರ. ಬ್ಲಫ್ ಸ್ವಲ್ಪ ದುಂಡಗೆ, ಮಣ್ಣಿನದೂ ಆಗಬಹುದು, ಮೇಲೆ ಮರಗಿಡ ಇರಬಹುದು. ಗೆರೆ ಎಳೆದ ಹಾಗೆ ಬೇರೆ ಮಾಡಲು ಬರುವುದಿಲ್ಲ. ಕಡಲಿಗೆ ಎದುರಾದ ನಮ್ಮ ಕೆಂಪು ಮಣ್ಣಿನ ದಿಬ್ಬಗಳಿಗೆ ಬ್ಲಫ್ ಅಂದರೆ ತಪ್ಪಾಗುವುದಿಲ್ಲ.

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಇನ್ನೊಂದು ಪದ ಸಿಗುತ್ತದೆ. ಅಲ್ಲಿ ಕಲ್ಲು ಐದು, ಆರು, ಏಳು ಮೂಲೆಯ ಕಂಬಗಳಾಗಿ ಒತ್ತೊತ್ತಾಗಿ ನಿಂತಿದೆ. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟಿತು. ಗದ್ದೆಯ ಕೆಸರು ಒಣಗಿದಾಗ ಮೂಲೆಮೂಲೆಯಾಗಿ ಬಿರಿಯುವುದಿಲ್ವಾ, ಹಾಗೆ. ಇವು ‘ಕಾಲಮ್ಸ್’. ಇಂಥ ಕಲ್ಲಿಗೆ ‘ಕಾಲಮ್ನರ್’ ಅನ್ನುವ ಗುಣವಾಚಕ ಇದೆ. ಅತಿಥಿಗಳಿಗೆ ‘ಪಿಲ್ಲರ್ಸ್’ ಅಂದರೂ ನಡೆಯುತ್ತದೆ, ಆದರೆ ಯಾರೋ ಕಟ್ಟಿದ್ದು ಅಂತ ಅವರು ತಿಳಿದುಕೊಂಡರೆ ಬೇಜಾರು ಮಾಡಬೇಡಿ.

ಹೆಜ್ಜೆ 3: ಪದವು

ಕಡಲಿನಿಂದ ಸ್ವಲ್ಪ ಒಳಗೆ ಬಂದರೆ ನಮ್ಮ ಪದವುಗಳು. ಪದವಿನಂಗಡಿ ಅನ್ನುವ ಹೆಸರಿನಲ್ಲೇ ಒಂದಿದೆ. ಮೇಲೆ ಚಪ್ಪಟೆ, ಬದಿಯಲ್ಲಿ ಇಳಿಜಾರು, ಒಳಗೆಲ್ಲ ಮುರಕಲ್ಲು (ಜಂಬಿಟ್ಟಿಗೆ). ಇಂಗ್ಲಿಷಿನಲ್ಲಿ ಚಪ್ಪಟೆ ತಲೆಯ ಎತ್ತರದ ನೆಲಕ್ಕೆ ‘ಪ್ಲ್ಯಾಟೋ’ ಅಥವಾ ‘ಟೇಬಲ್‌ಲ್ಯಾಂಡ್’. ಬಜ್ಪೆಯ ವಿಮಾನ ನಿಲ್ದಾಣವನ್ನು ‘ಟೇಬಲ್‌ಟಾಪ್’ ಅನ್ನುವುದು ಇದೇ ಕಾರಣಕ್ಕೆ. ಮೇಜಿನ ಹಾಗೆ ಮೇಲೆ ಸಮ, ಅಂಚು ದಾಟಿದರೆ ಇಳಿಜಾರು. 2010ರ ಮೇ 22ರಂದು ವಿಮಾನ ರನ್‌ವೇ ದಾಟಿ ಹೋಗಿ 158 ಮಂದಿ ತೀರಿಹೋದಾಗ ಈ ಪದ ಎಲ್ಲರ ಬಾಯಿಗೆ ಬಂತು. ಕಲಿಯಲೇಬಾರದಾಗಿದ್ದ ರೀತಿಯಲ್ಲಿ ಕಲಿತೆವು.

ಪ್ಲ್ಯಾಟೋ ಫ್ರೆಂಚ್ ಮೂಲದ್ದು. ಅಲ್ಲಿ ಅದಕ್ಕೆ ತಟ್ಟೆ, ಹರಿವಾಣ ಎಂಬ ಅರ್ಥವೂ ಇದೆ. ಮುರಕಲ್ಲಿಗೆ ‘ಲ್ಯಾಟರೈಟ್’. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಈ ಕರಾವಳಿಯಲ್ಲಿ ಓಡಾಡಿ, 1807ರಲ್ಲಿ ಅಚ್ಚಾದ ಬರಹದಲ್ಲಿ ಈ ಹೆಸರು ಕೊಟ್ಟ. ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ. ಅಗೆಯುವಾಗ ಮೆದು, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿ. ನಮ್ಮ ಅಜ್ಜಂದಿರು ಮನೆ ಕಟ್ಟಿದ್ದೂ ಅದಕ್ಕೇ.

ಅಭ್ಯಾಸಕ್ಕೆ ಮಣಿಪಾಲದ ಎಂಡ್ ಪಾಯಿಂಟ್ ಒಳ್ಳೆಯ ಜಾಗ. ಸಂಜೆ ಅಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ. ನೀವು ನಿಂತಿರುವುದು ಪ್ಲ್ಯಾಟೋ ಮೇಲೆ. ಕಾಲಿನ ಮುಂದೆ ‘ಎಡ್ಜ್’. ಇನ್ನೇನು ಬಿದ್ದೇನು ಅನ್ನುವಷ್ಟು ಹತ್ತಿರದ ಅಂಚು ‘ಬ್ರಿಂಕ್’. ಅಲ್ಲಿಂದ ಕೆಳಗೆ ಹೋಗುವುದು ‘ಸ್ಲೋಪ್’. ನದಿಯ ಜಾಗ ‘ವ್ಯಾಲಿ’. ಐದು ಪದ, ಒಂದೇ ನೋಟದಲ್ಲಿ. ಮಳೆನೀರು ಇಳಿಜಾರಿನಲ್ಲಿ ಕೊರೆದ ಕೊರಕಲಿಗೆ ‘ಗಲಿ’. ನಮ್ಮ ಓಣಿಯ ಗಲ್ಲಿಗೂ ಇದಕ್ಕೂ ಸಂಬಂಧ ಇಲ್ಲ.

ಒಂದು ಮಾತು. ನಮ್ಮ ಬೈಲು, ಮಜಲು, ಬೆಟ್ಟು ಇವಕ್ಕೆ ಇಂಗ್ಲಿಷಿನಲ್ಲಿ ಒಂದೊಂದೇ ಪದ ಹುಡುಕಿ ಸುಸ್ತಾಗಬೇಡಿ. ತಗ್ಗಿನ ಗದ್ದೆ, ನಡುವಿನ ಗದ್ದೆ, ಎತ್ತರದ ಗದ್ದೆ ಅಂತ ಬಿಡಿಸಿಯೇ ಹೇಳಬೇಕು. ‘ಲೋ-ಲೈಯಿಂಗ್ ಪ್ಯಾಡಿ ಫೀಲ್ಡ್’ ಅಂದರೆ ಬೈಲು ಆಯಿತು. ನೆಲವನ್ನು ಬೇಸಾಯದ ಕಣ್ಣಿನಿಂದ ನೋಡುವುದರಲ್ಲಿ ನಮ್ಮ ಮಾತು ಜಾಸ್ತಿ ಚುರುಕು.

ಹೆಜ್ಜೆ 4: ಕಾರ್ಕಳ, ಗಡಾಯಿಕಲ್ಲು

ಈಗ ಕಲ್ಲಿನ ಸೀಮೆ. ಕಾರ್ಕಳದಲ್ಲಿ ಗೊಮ್ಮಟ ನಿಂತಿರುವ ಬೆಟ್ಟ ನೋಡಿದ್ದೀರಲ್ಲ. 1432ರಲ್ಲಿ ನಿಲ್ಲಿಸಿದ 42 ಅಡಿಯ ಮೂರ್ತಿಯನ್ನು ನೋಡುವ ಗಡಿಬಿಡಿಯಲ್ಲಿ ಕಾಲಡಿಯ ಕಲ್ಲನ್ನು ಯಾರೂ ನೋಡುವುದಿಲ್ಲ. ಹುಲ್ಲು ಮಣ್ಣು ಇಲ್ಲದ ಆ ಬೋಳು ಮೈಗೆ ‘ಬೇರ್ ರಾಕ್’. ಹಾಸಿದ ಹಾಗೆ ಚಪ್ಪಟೆಯಾದ ಹಾಸುಗಲ್ಲಿಗೆ ‘ಸ್ಲ್ಯಾಬ್’.

ಗಡಾಯಿಕಲ್ಲು ಇನ್ನೂ ಒಳ್ಳೆಯ ಪಾಠ. ಬೆಳ್ತಂಗಡಿಯ ಕಡೆಗೆ ಹೋಗುವಾಗ ಕಾಡಿನ ನಡುವೆ ಒಂದೇ ಒಂದು ಬಂಡೆ ಆಕಾಶಕ್ಕೆ ಎದ್ದು ನಿಂತಿರುತ್ತದೆ. ನರಸಿಂಹಗಡ ಅಂತಲೂ ಹೆಸರಿದೆ. 1794ರಲ್ಲಿ ಟಿಪ್ಪು ಸುಲ್ತಾನ್ ಮೇಲೆ ಕೋಟೆ ಕಟ್ಟಿಸಿ ತಾಯಿಯ ಹೆಸರಿನಿಂದ ಜಮಲಾಬಾದ್ ಎಂದು ಕರೆದ. ಈ ಆಕಾರಕ್ಕೆ ಏನು ಹೇಳುತ್ತೀರಿ? ಗುಮ್ಮಟದ ಹಾಗೆ ಇದೆ, ಆದ್ದರಿಂದ ‘ಡೋಮ್’. ಅದರ ನೆಟ್ಟಗಿನ ಮೈ ‘ಫೇಸ್’. ‘ರಾಕ್ ಫೇಸ್’, ‘ಕ್ಲಿಫ್ ಫೇಸ್’ ಅಂತ ಜೋಡಿಯಾಗಿ ಬರುತ್ತದೆ. ಕಡಿದು ಅನ್ನಲು ಮೂರು ಮಟ್ಟ ನೆನಪಿಡಿ. ಹತ್ತಿದರೆ ಏದುಸಿರು ಬರುವುದು ‘ಸ್ಟೀಪ್’. ಕೈ ಕಾಲು ಎರಡೂ ಬೇಕಾಗುವುದು ‘ವೆರಿ ಸ್ಟೀಪ್’. ಹಗ್ಗ ಇಲ್ಲದೆ ಆಗುವುದೇ ಇಲ್ಲ ಅನ್ನುವುದು ‘ಶೀರ್’. ‘ಎ ಶೀರ್ ಕ್ಲಿಫ್’, ‘ಎ ಶೀರ್ ಡ್ರಾಪ್’. ಈ ಶೀರ್ ಎಂಬ ಸಣ್ಣ ಪದ ಬಂದರೆ ಸಾಕು, ನಿಮ್ಮ ಇಂಗ್ಲಿಷ್ ಒಂದು ಮೆಟ್ಟಿಲು ಏರಿತು.

ಒಡೆದ, ಮೊನಚಾದ, ಅಂಕುಡೊಂಕಾದ ಬಂಡೆ ತುದಿ ‘ಕ್ರ್ಯಾಗ್’. ಗಡಾಯಿಕಲ್ಲು ನುಣುಪು, ಆದ್ದರಿಂದ ಅದು ಕ್ರ್ಯಾಗ್ ಅಲ್ಲ. ಬಂಡೆಯ ಮೈಯಲ್ಲಿ ಕಿರು ಜಗಲಿಯ ಹಾಗೆ ಚಾಚಿದ ಜಾಗ ‘ಲೆಡ್ಜ್’. ನಮ್ಮ ಮನೆಯ ಮಾಡು ಗೋಡೆಯಿಂದ ಹೊರಗೆ ಬಂದಿರುತ್ತದಲ್ಲ, ಹಾಗೆ ತಲೆಯ ಮೇಲೆ ಬಾಗಿದ ಬಂಡೆ ‘ಓವರ್‌ಹ್ಯಾಂಗ್’. ಲೆಡ್ಜ್ ಮೇಲೆ ಕೂರಬಹುದು, ಓವರ್‌ಹ್ಯಾಂಗ್ ಕೆಳಗೆ ಮಳೆಗೆ ನಿಲ್ಲಬಹುದು. ಬಿರುಕಿಗೆ ‘ಕ್ರೆವಿಸ್’. ಇದೇ ಧ್ವನಿಯ ‘ಕ್ರೆವಾಸ್’ ಹಿಮನದಿಯ ಬಿರುಕು, ನಮಗೆ ಬೇಡ.

ಹಿಲ್ ಯಾವುದು, ಮೌಂಟನ್ ಯಾವುದು ಎಂಬ ಪ್ರಶ್ನೆ ಇಲ್ಲೇ ಬರುತ್ತದೆ. ಎಲ್ಲರೂ ಒಪ್ಪಿದ ಅಳತೆ ಇಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 2,000 ಅಡಿ, ಅಂದರೆ ಸುಮಾರು 610 ಮೀಟರ್ ಮೇಲ್ಪಟ್ಟದ್ದನ್ನು ಮೌಂಟನ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ಸುಮಾರು 1,700 ಅಡಿಯ ಗಡಾಯಿಕಲ್ಲು ಹಿಲ್. 1,343 ಮೀಟರಿನ ಕೊಡಚಾದ್ರಿ ಮೌಂಟನ್. ಮಂಗಳೂರಿನ ಬಾವುಟಗುಡ್ಡೆ ಹಿಲ್, ಅದರಲ್ಲಿ ಜಗಳವೇ ಇಲ್ಲ. ಮನೆ ಹಿಂದಿನ ಪುಟ್ಟ ದಿಬ್ಬ ‘ಹಿಲಕ್’ ಅಥವಾ ‘ನೋಲ್’.

ಹೆಜ್ಜೆ 5: ಘಾಟಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ನನ್ನ ಮುಜುಗರ ಶುರುವಾದ ಜಾಗ ಇದೇ.

ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬನ್ನಿ. ಇದು ಉಳ್ಳಾಲದ ಸೋಮೇಶ್ವರ ಅಲ್ಲ, ನಮ್ಮಲ್ಲಿ ಸೋಮೇಶ್ವರಗಳು ಬೇಕಾದಷ್ಟು ಉಂಟು. ಅಲ್ಲಿಂದ ಮೇಲೆ ನೋಡಿದರೆ ಹಸಿರು ಗೋಡೆ. ನೀವು ನಿಂತಿರುವುದು ‘ಅಟ್ ದ ಫುಟ್ ಆಫ್ ದ ಘಾಟ್ಸ್’. ಬುಡ ಅನ್ನಲು ಇಂಗ್ಲಿಷಿನಲ್ಲಿ ಪಾದ. ಸುತ್ತಲಿನ ಸಣ್ಣ ಗುಡ್ಡಗಳು ‘ಫುಟ್‌ಹಿಲ್ಸ್’, ನಮ್ಮ ತಪ್ಪಲು. ಈಗ 14 ಹೇರ್‌ಪಿನ್ ತಿರುವು ಹತ್ತಿ ಆಗುಂಬೆ ಮುಟ್ಟಿ. ಆಚೆ ಕಡೆಗೆ ಇಳಿಯುವ ಘಾಟಿ ಎಲ್ಲಿ? ಇಲ್ಲ. ತೀರ್ಥಹಳ್ಳಿಯ ಕಡೆಗೆ ರಸ್ತೆ ಸುಮ್ನೆ ಏರುತ್ತಾ ಇಳಿಯುತ್ತಾ ಸಾಗುತ್ತದೆ. ಹತ್ತಿದ್ದೇನೋ ನಿಜ, ಇಳಿಯಲೇ ಇಲ್ಲ. ಅಂದರೆ ನಾವು ಹತ್ತಿದ್ದು ಬೆಟ್ಟ ಅನ್ನುವುದಕ್ಕಿಂತ ಒಂದು ದೊಡ್ಡ ಮೆಟ್ಟಿಲು. ಒಂದು ಬದಿ ತಗ್ಗಿನ ಕರಾವಳಿ, ಇನ್ನೊಂದು ಬದಿ ಎತ್ತರದ ದಖನ್ ಪ್ರಸ್ಥಭೂಮಿ, ನಡುವೆ ಉದ್ದಕ್ಕೆ ಓಡುವ ಕಡಿದಾದ ಗೋಡೆ.

ಈ ಗೋಡೆಗೆ ಇಂಗ್ಲಿಷಿನಲ್ಲಿ ‘ಎಸ್ಕಾರ್ಪ್‌ಮೆಂಟ್’, ಚಿಕ್ಕದಾಗಿ ‘ಸ್ಕಾರ್ಪ್’. ಕೋಟೆ ಕಟ್ಟುವವರ ಮಾತಿನಿಂದ ಬಂದದ್ದು. ಕೋಟೆಯ ಬುಡದಲ್ಲಿ ಶತ್ರು ಹತ್ತದಂತೆ ಕಡಿದಾಗಿ ಕತ್ತರಿಸಿದ ಇಳಿಜಾರಿಗೆ ಈ ಹೆಸರಿತ್ತು. ಕ್ಲಿಫ್ ಒಂದು ಜಾಗದಲ್ಲಿ ನಿಂತ ಬಂಡೆ. ಎಸ್ಕಾರ್ಪ್‌ಮೆಂಟ್ ಮೈಲುಗಟ್ಟಲೆ ಓಡುತ್ತದೆ, ಎರಡು ಮಟ್ಟದ ನೆಲಗಳನ್ನು ಬೇರೆ ಮಾಡುತ್ತದೆ. ಭೂಗೋಳ ಓದಿದವರು ಪಶ್ಚಿಮ ಘಟ್ಟವನ್ನು ಹೆಚ್ಚಾಗಿ ಹೀಗೇ ಕರೆಯುತ್ತಾರೆ. ನನ್ನ ಅತಿಥಿಗೆ ಅಂದು ಈ ಒಂದು ಪದ ಹೇಳಿದ್ದರೆ ಸಾಕಿತ್ತು.

‘ಘಾಟ್’ ಅಂದರೆ ಅರ್ಥ ಆಗುವುದಿಲ್ವಾ? ನಿಘಂಟಿನಲ್ಲಿ ಇದೆ. ಆದರೆ ಹೊರಗಿನವರಿಗೆ ಘಾಟ್ ಅಂದರೆ ಕಾಶಿಯ ಮೆಟ್ಟಿಲು ಕಣ್ಣೆದುರು ಬರುತ್ತದೆ. ‘ಘಾಟ್ ಸೆಕ್ಷನ್’ ಅಂತೂ ನಮ್ಮ ದೇಶದೊಳಗಿನ ಇಂಗ್ಲಿಷ್. ಹೊರಗಿನವರ ಜೊತೆ ‘ಮೌಂಟನ್ ರೋಡ್’ ಅನ್ನಿ, ‘ವಿತ್ ಫೋರ್ಟೀನ್ ಹೇರ್‌ಪಿನ್ ಬೆಂಡ್ಸ್’ ಅಂತ ಸೇರಿಸಿ. ವಾಂತಿ ಬರುವವರು ಮೊದಲೇ ಎಚ್ಚರ ಆಗುತ್ತಾರೆ. ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವ ದಾರಿಯ ಸಂದಿಗೆ ‘ಪಾಸ್’.

ಈಗ ತಗ್ಗುಗಳು. ನನ್ನ ‘ಡೀಪ್ ಹಿಲ್’ ನಿಜವಾಗಿ ಏನಾಗಿತ್ತು? ಗಾತ್ರದ ಪ್ರಕಾರ ಜೋಡಿಸಿಕೊಳ್ಳಿ. ಸಣ್ಣ ಕೊರಕಲು ಗಲಿ. ಅದಕ್ಕಿಂತ ದೊಡ್ಡದು, ಇಕ್ಕಟ್ಟು, ಎರಡೂ ಬದಿ ಕಡಿದು, ಅದು ‘ರವೀನ್’. ನಮ್ಮ ಕಮರಿ. ಇನ್ನೂ ಆಳ, ಬಂಡೆಗೋಡೆಗಳ ನಡುವೆ ಹೊಳೆ ಹರಿಯುವುದು ‘ಗಾರ್ಜ್’. ಫ್ರೆಂಚಿನಲ್ಲಿ ಗಾರ್ಜ್ ಅಂದರೆ ಗಂಟಲು. ಇಕ್ಕಟ್ಟಿನಲ್ಲಿ ನೀರು ನುಂಗುವ ಜಾಗ, ಎಷ್ಟು ಸರಿಯಾಗಿದೆ. ಅಗಲವಾಗಿ, ಆರಾಮವಾಗಿ ಬಿಚ್ಚಿಕೊಂಡದ್ದು ವ್ಯಾಲಿ. ಕಾರಿನಿಂದ ನಾನು ನೋಡಿದ್ದು ಮಂಜು ತುಂಬಿದ ರವೀನ್.

ಹೆಜ್ಜೆ 6: ನೆತ್ತಿಯ ಮೇಲೆ, ಹುಂಜದ ಜೊತೆ

ಮೇಲೆ ಬಂದ ಮೇಲೆ ಬರುವ ಪದಗಳನ್ನು ಕಲಿಸಲು ನನಗೆ ಬಹಳ ದಿನ ಕಷ್ಟವಾಗಿತ್ತು. ರಿಡ್ಜ್, ಕ್ರೆಸ್ಟ್, ಸ್ಪರ್, ಸ್ಯಾಡಲ್. ಎಲ್ಲ ಒಂದೇ ಥರ ಕೇಳುತ್ತವೆ. ಒಂದು ದಿನ ಹುಂಜ ಸಹಾಯಕ್ಕೆ ಬಂತು.

ತುಳುನಾಡಿನವರಿಗೆ ಹುಂಜದ ಅಂಗಾಂಗ ಹೇಳಿಕೊಡಬೇಕಾ? ತಲೆಯ ಮೇಲಿನ ಜುಟ್ಟು ‘ಕ್ರೆಸ್ಟ್’. ಬೆಟ್ಟಸಾಲಿನ ತೀರಾ ಮೇಲಿನ ಅಂಚೂ ಕ್ರೆಸ್ಟ್. ಕಾಲಿನ ಹಿಂದಿನ ಮುಳ್ಳು ‘ಸ್ಪರ್’. ಕೋಳಿಕಟ್ಟದಲ್ಲಿ ಬಾಳು (ಸಣ್ಣ ಕತ್ತಿ) ಕಟ್ಟುವುದು ಅದರ ಹತ್ತಿರವೇ. ದೊಡ್ಡ ಬೆಟ್ಟಸಾಲಿನಿಂದ ಪಕ್ಕಕ್ಕೆ ಚಾಚಿ ಕೆಳಗಿಳಿಯುವ ಕವಲೂ ಸ್ಪರ್. ಇನ್ನು ‘ರಿಡ್ಜ್’ ಬೆನ್ನಿನ ಹಾಗೆ, ಮನೆಯ ಮಾಡಿನ ಮೇಲ್ತುದಿಯ ಹಾಗೆ, ಉದ್ದಕ್ಕೆ ಹೋಗುವ ಏಣು. ಮಾಡಿನ ಆ ಭಾಗಕ್ಕೂ ಇಂಗ್ಲಿಷಿನಲ್ಲಿ ರಿಡ್ಜ್ ಅಂತಲೇ. ಅಂದಿನಿಂದ ಕ್ಲಾಸಿನಲ್ಲಿ ಯಾರೂ ಸ್ಪರ್ ಮರೆತಿಲ್ಲ. ಪಿಯುಸಿ ಹುಡುಗನೊಬ್ಬ ಬೋರ್ಡಿನ ಮೇಲೆ ಹುಂಜದ ಚಿತ್ರ ಬರೆದು ಅದಕ್ಕೆ ಕುದುರೆಮುಖ ಅಂತ ಹೆಸರಿಟ್ಟ.

ಅದೇನೂ ತಮಾಷೆ ಅಲ್ಲ. ಬೆಟ್ಟಕ್ಕೆ ಮೈಕೈ ಕೊಡುವುದರಲ್ಲಿ ನಾವೂ ಹಿಂದೆ ಬಿದ್ದಿಲ್ಲ. 1,890 ಮೀಟರ್ ದಾಟಿದ ಒಂದು ಶಿಖರ ಕುದುರೆಯ ಮುಖ. ಇನ್ನೊಂದು ಎತ್ತಿನ ಭುಜ. ಇಂಗ್ಲಿಷಿನಲ್ಲೂ ಶಿಖರದ ಕೆಳಗಿನ ದುಂಡು ಭಾಗಕ್ಕೆ ‘ಶೋಲ್ಡರ್’, ಭುಜ. ಬದಿಗೆ ‘ಫ್ಲ್ಯಾಂಕ್’, ಪಕ್ಕೆ. ಗುಡ್ಡದ ಮೇಲಂಚಿಗೆ ‘ಬ್ರೋ’, ಹುಬ್ಬು. ಎರಡು ಶಿಖರಗಳ ನಡುವಿನ ತಗ್ಗಿಗೆ ‘ಸ್ಯಾಡಲ್’, ಕುದುರೆಯ ಜೀನು. ಅದೇ ತಗ್ಗು ಇಕ್ಕಟ್ಟಾಗಿದ್ದರೆ ‘ಕಾಲ್’, ಫ್ರೆಂಚಿನಲ್ಲಿ ಕುತ್ತಿಗೆ. ಹೀಗೆ ಮೈಯಿಂದ ಕಲಿತರೆ ನಿಘಂಟು ಬೇಕಾಗುವುದಿಲ್ಲ.

‘ಪೀಕ್’ ಮತ್ತು ‘ಸಮಿಟ್’ ಬಗ್ಗೆ ಒಂದೇ ಮಾತು. ಪೀಕ್ ಅಂದರೆ ಮೊನಚಾದ ಶಿಖರ, ಇಡೀ ಬೆಟ್ಟಕ್ಕೂ ಹೇಳಬಹುದು. ಸಮಿಟ್ ಅಂದರೆ ತೀರಾ ಮೇಲಿನ ಆ ಒಂದು ಜಾಗ, ನೀವು ಹತ್ತಿ ನಿಂತು ಫೋಟೋ ತೆಗೆಯುವುದು. ಸುಬ್ರಹ್ಮಣ್ಯದಿಂದ 1,712 ಮೀಟರಿನ ಕುಮಾರ ಪರ್ವತ ಹತ್ತಿದವರು ‘ವಿ ರೀಚ್ಡ್ ದ ಸಮಿಟ್’ ಅನ್ನಬಹುದು. ಅರ್ಧದಲ್ಲಿ ಊಟ ಮಾಡಿ ವಾಪಸ್ ಬಂದವರು ಅನ್ನಬಾರದು.

ಹೆಜ್ಜೆ 7: ಕ್ರಿಯಾಪದ, ಮತ್ತು ನಮ್ಮ ತಪ್ಪುಗಳು

ಹೆಸರು ಗೊತ್ತಾದರೆ ಅರ್ಧ ಕೆಲಸ. ಬೆಟ್ಟ ಏನು ಮಾಡುತ್ತದೆ ಅಂತ ಹೇಳಬೇಕು. ಏರಿದರೆ ‘ರೈಸಸ್’. ಒಮ್ಮೆಗೇ ಕಡಿದಾಗಿ ಬಿದ್ದರೆ ‘ಡ್ರಾಪ್ಸ್’ ಅಥವಾ ‘ಪ್ಲಂಜಸ್’. ಮೆಲ್ಲಗೆ ಇಳಿದರೆ ‘ಸ್ಲೋಪ್ಸ್ ಡೌನ್’. ತಲೆಯ ಮೇಲೆ ಎತ್ತರಕ್ಕೆ ನಿಂತರೆ ‘ಟವರ್ಸ್ ಅಬೋವ್’. ಮಂಜಿನಲ್ಲಿ ದೊಡ್ಡದಾಗಿ, ಸ್ವಲ್ಪ ಹೆದರಿಸುವ ಹಾಗೆ ಕಂಡರೆ ‘ಲೂಮ್ಸ್’. ಬಂಡೆ ಹೊರಗೆ ಚಾಚಿದರೆ ‘ಜಟ್ಸ್ ಔಟ್’. ರಸ್ತೆ ಸುತ್ತಿಕೊಂಡು ಹೋದರೆ ‘ವೈಂಡ್ಸ್’. ಎಂಡ್ ಪಾಯಿಂಟ್ ಸ್ವರ್ಣೆಯನ್ನು ‘ಓವರ್‌ಲುಕ್ಸ್’, ಅಂದರೆ ಅಲ್ಲಿಂದ ಕೆಳಗೆ ನದಿ ಕಾಣುತ್ತದೆ. ಆಫೀಸಿನಲ್ಲಿ ಇದೇ ಪದಕ್ಕೆ ಗಮನಿಸದೆ ಬಿಡುವುದು ಅಂತ ಅರ್ಥ, ಗಲಿಬಿಲಿ ಬೇಡ.

ನಾವು ‘ಕಾಣ್ತಾ ಉಂಟು’, ‘ಹೋಗ್ತಾ ಉಂಟು’ ಅನ್ನುವವರು. ಅದೇ ಅಭ್ಯಾಸದಲ್ಲಿ ‘ದ ಹಿಲ್ ಈಸ್ ರೈಸಿಂಗ್’ ಅಂತ ಬಾಯಿಗೆ ಬರುತ್ತದೆ. ಕೇಳುವವರಿಗೆ ಗುಡ್ಡ ಈಗಲೇ ಬೆಳೆಯುತ್ತಿದೆ ಅಂತ ಅನ್ನಿಸೀತು. ‘ದ ಹಿಲ್ ರೈಸಸ್’ ಸಾಕು.

ಇನ್ನು ಕೆಲವು. ಮರ, ಮನುಷ್ಯ, ಕಟ್ಟಡ ‘ಟಾಲ್’. ಬೆಟ್ಟ ‘ಹೈ’. ‘ಸೀನರೀಸ್’ ಅಂತ ಬಹುವಚನ ಇಲ್ಲ, ಎಷ್ಟೇ ನೋಡಿದರೂ ‘ಸೀನರಿ’ ಒಂದೇ. ‘ಕ್ಲಿಫ್’ಗೆ ಬಹುವಚನ ‘ಕ್ಲಿಫ್ಸ್’. ಲೀಫ್ ಲೀವ್ಸ್ ಆಯಿತು ಅಂತ ಇದನ್ನು ‘ಕ್ಲಿವ್ಸ್’ ಮಾಡಬೇಡಿ. ಗುಡ್ಡದ ಮೇಲಿನ ಮನೆ ‘ಆನ್ ದ ಹಿಲ್’, ‘ಇನ್ ದ ಹಿಲ್’ ಅಂದರೆ ಗುಡ್ಡದೊಳಗೆ ಹೂತ ಹಾಗೆ. ಆದರೆ ಬೆಟ್ಟಗಳ ಸೀಮೆಯಲ್ಲಿ ಅನ್ನುವಾಗ ‘ಇನ್ ದ ಹಿಲ್ಸ್’ ಸರಿ. ಬುಡದಲ್ಲಿ ‘ಅಟ್ ದ ಫುಟ್’, ಅಂಚಿನಲ್ಲಿ ‘ಆನ್ ದ ಎಡ್ಜ್’.

ಉಚ್ಚಾರದಲ್ಲಿ ಎರಡು ಮಾತ್ರ. ಕೊನೆಗೆ ಒತ್ತು ಬರುವ ‘ರವೀನ್’ ಅನ್ನಿ, ‘ರಾವಿನ್’ ಅಲ್ಲ. ಆಳವಾದ ಬಿರುಕಿಗೆ ಹೇಳುವ ‘ಕ್ಯಾಸಮ್’ ಪದದ ಮೊದಲ ಅಕ್ಷರಗಳನ್ನು ನೋಡಿ ಚ ಅಂತ ಶುರು ಮಾಡುತ್ತಾರೆ. ಅದು ಕ.

ಗುಣವಾಚಕದ ಬಗ್ಗೆ ನನ್ನದೊಂದು ದೂರು. ಯಾವ ಬೆಟ್ಟದ ಚಿತ್ರ ಕೊಟ್ಟರೂ ಮಕ್ಕಳು ‘ಸ್ನೋ-ಕ್ಯಾಪ್ಡ್’ ಬರೆಯುತ್ತಾರೆ. ನಮ್ಮಲ್ಲಿ ಹಿಮ ಎಲ್ಲಿಂದ? ನಮ್ಮ ಬೆಟ್ಟಕ್ಕೆ ‘ಮಿಸ್ಟಿ’, ‘ಗ್ರಾಸಿ’, ‘ಥಿಕ್ಲಿ ವುಡೆಡ್’ ಇವೆ. ಕುದುರೆಮುಖದ ಅಲೆಅಲೆ ಹುಲ್ಲುಗಾವಲಿಗೆ ‘ರೋಲಿಂಗ್’ ಅನ್ನುವ ಪದ ಹೇಳಿ ಮಾಡಿಸಿದ ಹಾಗಿದೆ. ಒರಟು ಸೀಮೆಗೆ ‘ರಗಡ್’, ಗರಗಸದ ಹಲ್ಲಿನಂಥ ಅಂಚಿಗೆ ‘ಜ್ಯಾಗ್ಡ್’.

ಹೆಜ್ಜೆ 8: ನಾಲ್ಕು ವಾಕ್ಯ ಬರೆಯಿರಿ

ಒಂದು ಜಾಗ ಆರಿಸಿ. ಮೊದಲ ವಾಕ್ಯದಲ್ಲಿ ಅದು ಏನು, ಎಲ್ಲಿ. ಎರಡನೆಯದರಲ್ಲಿ ಅದು ಏನು ಮಾಡುತ್ತದೆ. ಮೂರನೆಯದರಲ್ಲಿ ಮೈ ಹೇಗಿದೆ. ನಾಲ್ಕನೆಯದರಲ್ಲಿ ಮನುಷ್ಯರು ಅಲ್ಲಿ ಏನು ಮಾಡಿದ್ದಾರೆ. ಗಡಾಯಿಕಲ್ಲಿಗೆ ನಾವು ಕ್ಲಾಸಿನಲ್ಲಿ ಮಾಡಿದ್ದು ಹೀಗೆ:

‘ಗಡಾಯಿಕಲ್ಲು ಈಸ್ ಎ ಹ್ಯೂಜ್ ಗ್ರಾನೈಟ್ ಡೋಮ್ ನಿಯರ್ ಬೆಳ್ತಂಗಡಿ. ಇಟ್ ರೈಸಸ್ ಅಬ್ರಪ್ಟ್‌ಲಿ ಫ್ರಮ್ ದ ಫಾರೆಸ್ಟ್. ಇಟ್ಸ್ ಸೈಡ್ಸ್ ಆರ್ ಬೇರ್, ಅಂಡ್ ಶೀರ್ ಇನ್ ಪ್ಲೇಸಸ್. ಎ ನ್ಯಾರೋ ಫ್ಲೈಟ್ ಆಫ್ ಸ್ಟೆಪ್ಸ್ ಲೀಡ್ಸ್ ಟು ದ ರುಯಿನ್ಡ್ ಫೋರ್ಟ್ ಅಟ್ ದ ಟಾಪ್.’

ಇದರಲ್ಲಿ ‘ಬ್ಯೂಟಿಫುಲ್’ ಇಲ್ಲ, ಗಮನಿಸಿ. ಒಂದು ವಾರ ಆ ಪದ ಬಳಸದೆ ಬರೆಯಲು ಹೇಳಿದೆ. ಬಹಳ ಕಷ್ಟ ಅಂದರು.

ಹೆಜ್ಜೆ 9: ಮಳೆಗಾಲದ ಫೋನು

ಟ್ಯಾಕ್ಸಿಯವರಿಗೆ ನಿಜವಾಗಿ ಬೇಕಾದದ್ದು ಇದು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಹಲವು ಕಡೆ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ಗುಡ್ಡ ಜರಿದರೆ ‘ಲ್ಯಾಂಡ್‌ಸ್ಲೈಡ್’. ಕಲ್ಲು ಮಾತ್ರ ಉರುಳಿದರೆ ‘ರಾಕ್‌ಫಾಲ್’. ಕೆಸರು ಹರಿದು ಬಂದರೆ ‘ಮಡ್‌ಸ್ಲೈಡ್’. ರಸ್ತೆಗಾಗಿ ಗುಡ್ಡ ಕಡಿದ ಜಾಗ ‘ಕಟಿಂಗ್’. ನಮ್ಮಲ್ಲಿ ಕಟಿಂಗ್ ಅಂದರೆ ಸೆಲೂನು, ಆದ್ದರಿಂದ ನಗು ಬಂದರೆ ಬರಲಿ. ತಡೆಗೋಡೆ ‘ರಿಟೇನಿಂಗ್ ವಾಲ್’. ಪೂರ್ತಿ ಮುಚ್ಚಿದರೆ ‘ದ ರೋಡ್ ಈಸ್ ಬ್ಲಾಕ್ಡ್’, ಒಂದು ಬದಿ ಬಿಟ್ಟಿದ್ದರೆ ‘ಒನ್ ಲೇನ್ ಈಸ್ ಓಪನ್’.

ಉಳಿದದ್ದು ‘ಬರೆ’. ಕುಂದಾಪುರ ಕಡೆಯವರ ‘ದರೆ’. ಇದಕ್ಕೆ ನಿಘಂಟಿನ ಪ್ರಕಾರ ‘ಬ್ಯಾಂಕ್’ ಸರಿ. ನಾನೂ ಅದನ್ನೇ ಹೇಳಿಕೊಟ್ಟೆ. ಕಳೆದ ಮಳೆಗಾಲದಲ್ಲಿ ನಮ್ಮ ಕ್ಲಾಸಿನ ಡ್ರೈವರೊಬ್ಬರು ಮಂಗಳೂರಿನ ಲಾಡ್ಜಿನಲ್ಲಿ ಕಾಯುತ್ತಿದ್ದ ಅತಿಥಿಗೆ ಫೋನ್ ಮಾಡಿ ಧೈರ್ಯವಾಗಿ ಅಂದರಂತೆ, ‘ಸರ್, ಎ ಬ್ಯಾಂಕ್ ಹ್ಯಾಸ್ ಕೊಲ್ಯಾಪ್ಸ್ಡ್, ಸೋ ವಿ ವಿಲ್ ಗೋ ಬೈ ಶಿರಾಡಿ’. ಇಷ್ಟೊಂದು ಬ್ಯಾಂಕುಗಳು ಹುಟ್ಟಿದ ಊರಿನಲ್ಲಿ ಈ ಮಾತು! ಆ ಕಡೆಯಿಂದ ಅತಿಥಿ ಕೇಳಿದ್ದು ಒಂದೇ ಪ್ರಶ್ನೆ: “ವಿಚ್ ಬ್ಯಾಂಕ್?” ಆಮೇಲಿಂದ ನಾನು ‘ದ ಬ್ಯಾಂಕ್ ಬಿಸೈಡ್ ದ ರೋಡ್’ ಅಂತಲೇ ಹೇಳಿಕೊಡುತ್ತೇನೆ, ಇಲ್ಲವಾದರೆ ‘ಅರ್ತ್ ಬ್ಯಾಂಕ್’.